ನಾನು ಬೈಂಡ್ ಹಾಕಿದ ಚಿತ್ರದ ಪುಸ್ತಕಗಳು

ದೀಪಾವಳಿಗೆ ನಾಲ್ಕು ದಿನ ಇರುವಾಗ ಎದುರು ಮನೆಯ ಮರಾಠಿ ವಹಿನಿ ಗೂಡುದೀಪಕ್ಕೆ ಕಾಗದ ಅಂಟಿಸಲೆಂದು ಮೈದಾ ಕುದಿಸುತ್ತಿದ್ದರು. ಸ್ವಲ್ಪ ತಳ ಹಿಡಿದಿರಬೇಕು. ಆ ವಾಸನೆ ಬಾಗಿಲು ದಾಟಿ ನಮ್ಮ ದೇವರ ಮೂಲೆಯವರೆಗೂ ಬಂತು. ಫೋಟೋಗಳಿಗೆ ಹೂ ಇಡುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಲೈಬ್ರರಿ ಟೀಚರ್... ಎಷ್ಟು ವರ್ಷವಾಯಿತು.

ಈಗ ನಾವು ಮುಂಬಯಿ ಹತ್ತಿರದ ಘಣಸೋಲಿಯಲ್ಲಿದ್ದೇವೆ. ಆಗ ಡೊಂಬಿವ್ಲಿಯಲ್ಲಿದ್ದೆವು. ಎರಡು ಸಾವಿರದ ಐದೋ ಆರೋ ಇರಬೇಕು. ಯಜಮಾನರು ಠಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಕೌಂಟರಿಗೆ ಕೂರುತ್ತಿದ್ದರು. ಮಗಳು ನಮ್ಮ ಗಲ್ಲಿಯಾಚೆಯ ಕನ್ನಡ ಶಾಲೆಯಲ್ಲಿ ಎರಡನೇ ಕ್ಲಾಸು. ಶಾಲೆ ಹತ್ತಿರ, ಮಗುವನ್ನು ಲೋಕಲ್ ಗಾಡಿಗೆ ಹತ್ತಿಸುವ ಕಷ್ಟವಿಲ್ಲ, ಅದೊಂದು ದೇವರ ದಯೆ. ಶಾಲೆಯಲ್ಲಿ ಕೆಲಸಕ್ಕೆ ಜನ ಸಾಲದಾಗ ತಾಯಂದಿರನ್ನು ಕರೆಯುತ್ತಿದ್ದರು. ನಾನು ಮನೆಯಲ್ಲೇ ಇರುವವಳು, ಕರೆದಾಗಲೆಲ್ಲ ಹೋಗುತ್ತಿದ್ದೆ.

ಲೈಬ್ರರಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅದನ್ನು ನೋಡಿಕೊಳ್ಳುವ ಟೀಚರ್ ವಿಜಾಪುರದ ಕಡೆಯವರು, ಕಲ್ಯಾಣದಿಂದ ಬರುತ್ತಿದ್ದರು. ಆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ, ಮಕ್ಕಳ ಎದೆಯೆತ್ತರಕ್ಕೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಹಾಕಿದ ಹಾಗೆ ಚಿತ್ರದ ಪುಸ್ತಕಗಳನ್ನು ಕ್ಲಿಪ್ಪು ಹಾಕಿ ತೂಗುಹಾಕಿದ್ದರು, ಮುಖಪುಟ ಹೊರಗೆ ಕಾಣುವ ಹಾಗೆ. ಓದುವಾಗ ಪುಸ್ತಕವನ್ನು ಮಕ್ಕಳ ಕಡೆ ತಿರುಗಿಸಿ ತಮ್ಮ ಕಿವಿಯ ಪಕ್ಕ ಹಿಡಿದು, ಒಂದಕ್ಷರವನ್ನೂ ನೋಡದೆ ಕತೆ ಹೇಳುತ್ತಿದ್ದರು. ಎಲ್ಲ ಬಾಯಿಪಾಠ. ಹರಿದ ಹಾಳೆಗಳನ್ನು ಶಾಲೆಯ ಸ್ಟೋವಿನಲ್ಲೇ ಮೈದಾ ಕುದಿಸಿ ಅಂಟಿಸುತ್ತಿದ್ದರು. ಅವರ ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟು.

ಮುಂಬ್ರಾದಿಂದ ಅಪ್ಪನ ಜೊತೆ ಬರುವ ಒಬ್ಬ ಹುಡುಗಿ ಇದ್ದಳು. ಮನೆಮಾತು ಹಿಂದಿ, ಕ್ಲಾಸಿನಲ್ಲಿ ತುಟಿ ಬಿಚ್ಚದವಳು. ಅಕ್ಷರವೂ ಇನ್ನೂ ಹತ್ತಿರಲಿಲ್ಲ. ಲೈಬ್ರರಿಗೆ ಬಂದರೆ ಮಾತ್ರ ನೇರ ಹಗ್ಗದ ಹತ್ತಿರ ಹೋಗಿ ಮೊಸಳೆಯ ಚಿತ್ರದ ಪುಸ್ತಕ ಬಿಚ್ಚಿಕೊಂಡು ಬಂದು, "ಟೀಚರ್, ಮಗರ್‌ವಾಲಾ," ಎನ್ನುತ್ತಿದ್ದಳು. ಮೊಸಳೆ ಅನ್ನಬೇಕು ಎಂದು ನಾನು ತಿದ್ದಲು ಹೋದೆ. ಟೀಚರ್ ತಡೆದರು.

"ಮಗರ್ ಅನ್ಲಿ, ಮೊಸಳಿ ಅನ್ಲಿ, ಬಿಡ್ರಿ ಅಕ್ಕಾರ. ಮೊದಲ ಅದರ ಹಲ್ಲು ಎಣಸ್ಲಿ. ಮಾತು ಹಿಂದಿಂದ ಬರ್ತಾವ."

ಅವರು ಆ ವರ್ಷ ಹಟ ಹಿಡಿದಿದ್ದದ್ದು ಅದೊಂದಕ್ಕೇ. ಈ ಕೂಸು ಬಾಯಿ ಬಿಡಬೇಕು.

ನನಗೆ ಆ ಕೋಣೆಯಲ್ಲಿ ಒಂದೇ ಕಿರಿಕಿರಿ. ಮಕ್ಕಳು ಚಾಪೆಯ ಮೇಲೆ ಹೊಟ್ಟೆ ಅಡಿಮಾಡಿ ಮಲಗಿ ಪುಸ್ತಕ ನೋಡುತ್ತಿದ್ದರು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ದಾಟುತ್ತಿದ್ದರು. ಕಾಲು ತಾಗಿದರೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. "ಸರಸ್ವತಿ ಅಲ್ವಾ ಟೀಚರ್, ಹೀಗೆ ನೆಲದ ಮೇಲೆ ಹಾಕಿದ್ರೆ ಮಕ್ಕಳ ಕಾಲು ತಾಗ್ತದೆ," ಎಂದೆ.

"ಸರಸ್ವತಿನೂ ತಾಯಿನ ಹೌದಲ್ರಿ? ಮಕ್ಕಳ ಕಾಲು ತಾಯಿಗೆ ತಾಗದ ಇರ್ತಾವೇನು?" ಎಂದು ನಕ್ಕರು.

ಉತ್ತರ ಚೆನ್ನಾಗಿತ್ತು. ನನ್ನ ಮನಸ್ಸು ಮಾತ್ರ ಒಪ್ಪಲಿಲ್ಲ.

ನವರಾತ್ರಿಗೆ ಅವರು ಊರಿಗೆ ಹೋದರು. ಶಾಲೆಯ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಇಡಬೇಕಿತ್ತು. ಮೂಲೆ ಮುದುಡಿದ, ಎಣ್ಣೆ ಕೈ ಹತ್ತಿದ ಪುಸ್ತಕಗಳನ್ನು ದೇವಿಯ ಮುಂದೆ ಹೇಗೆ ಇಡುವುದು? ನಾನೂ ಇನ್ನಿಬ್ಬರು ತಾಯಂದಿರೂ ಮೂರು ಮಧ್ಯಾಹ್ನ ಕೂತು ಒಂದೊಂದಕ್ಕೂ ಖಾಕಿ ಕಾಗದದ ಬೈಂಡ್ ಹಾಕಿ, ಬಿಚ್ಚದ ಹಾಗೆ ಅಂಟಿಸಿ, ಚೀಟಿಯಲ್ಲಿ ದುಂಡಗೆ ಹೆಸರು ಬರೆದು, ಕುಂಕುಮದ ಬೊಟ್ಟಿಟ್ಟೆವು. ಪೂಜೆಯಾದ ಮೇಲೆ ದೊಡ್ಡ ಟೀಚರ್, ಅಂದರೆ ನಮ್ಮ ಹೆಡ್‌ಮಿಸ್ಟ್ರೆಸ್, ಅವನ್ನೆಲ್ಲ ತಮ್ಮ ಆಫೀಸಿನ ಗಾಜಿನ ಕಪಾಟಿನಲ್ಲಿ ಜೋಡಿಸಿ ಇಡಿಸಿದರು. "ಈಗ ನೋಡಿ, ಶಾಲೆಯ ಪುಸ್ತಕ ಅನ್ನಿಸ್ತದೆ," ಎಂದರು. ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಊರಿನಿಂದ ಬಂದ ಲೈಬ್ರರಿ ಟೀಚರ್ ಕಪಾಟಿನ ಗಾಜಿನ ಹೊರಗಿನಿಂದಲೇ ಒಂದೊಂದು ಚೀಟಿ ಓದಿದರು. ಬೈಯಲಿಲ್ಲ. "ಓದಾಕ ಬರದ ಹುಡುಗರಿಗೆ ಚಿತ್ರನ ಹೆಸರ್ರಿ ಅಕ್ಕಾರ," ಎಂದರು, ಅಷ್ಟೇ.

ಆಮೇಲೆ ಶುರುವಾಯಿತು ಗೋಳು. ಕಪಾಟಿನ ಕೀಲಿ ದೊಡ್ಡ ಟೀಚರ್ ಹತ್ತಿರ. ಅವರು ಮೀಟಿಂಗಿನಲ್ಲಿದ್ದರೆ ಲೈಬ್ರರಿ ಪೀರಿಯಡ್ಡು ಕೀಲಿಗೆ ಕಾಯುವುದರಲ್ಲೇ ಮುಗಿಯುತ್ತಿತ್ತು. ಸಿಕ್ಕಿದ ದಿನ ಮಕ್ಕಳ ಮುಂದೆ ಒಂದೇ ಬಣ್ಣದ ರಾಶಿ. ಮುಂಬ್ರಾದ ಹುಡುಗಿ ಒಂದನ್ನು ಎತ್ತಿ ನೋಡಿದಳು, ಇನ್ನೊಂದನ್ನು ನೋಡಿದಳು, ಕೊನೆಗೆ ಕೈ ಕಟ್ಟಿ ಗೋಡೆಗೆ ಒರಗಿ ಕೂತಳು. ಬೈಂಡ್ ತೆಗೆಯುತ್ತೇನೆ ಎಂದು ನಾನೇ ದೊಡ್ಡ ಟೀಚರನ್ನು ಕೇಳಿದೆ. "ಹಾಕಿದ್ದೂ ನೀವೇ, ತೆಗೆಯುವವರೂ ನೀವೇ. ಆಟ ಆಡ್ತೀರಾ?" ಎಂದರು. ಬಾಯಿ ಮುಚ್ಚಿಕೊಂಡು ಬಂದೆ.

ಒಂದು ಶುಕ್ರವಾರ ಲೈಬ್ರರಿ ಟೀಚರ್ ಮಕ್ಕಳ ಕೈಗೆ ಮೇಣದ ಬಣ್ಣ ಕೊಟ್ಟು, "ಒಳಗ ಏನೈತಿ, ಹೊರಗ ಬರೀರಿ," ಎಂದರು. ಖಾಕಿ ಕಾಗದದ ಮೇಲೆ ಆನೆ, ರೈಲು, ಸೂರ್ಯ ಬಂದವು. ಆ ಹುಡುಗಿ ಎಲ್ಲ ಪುಸ್ತಕ ಬಿಚ್ಚಿ ಬಿಚ್ಚಿ ತನ್ನದನ್ನು ಹುಡುಕಿದಳು. ನಾನಿಟ್ಟ ಕುಂಕುಮದ ಬೊಟ್ಟನ್ನೇ ಕಣ್ಣು ಮಾಡಿ ಏಳೆಂಟು ಕಾಲಿನ ಮೊಸಳೆ ಬರೆದಳು. "ಇಷ್ಟು ಕಾಲು ಯಾಕವ್ವ?" ಎಂದು ಟೀಚರ್ ಕೇಳಿದರೆ, "ಭಾಗ್ತಾ ಹೈ ನಾ, ಓಡ್ತದೆ," ಎಂದಳು. ಒಂದು ಕನ್ನಡ ಶಬ್ದ. ಟೀಚರ್ ನನ್ನ ಕಡೆ ತಿರುಗಿದರು. ಅಂಥ ಮುಖ ನಾನು ದೇವಸ್ಥಾನದಲ್ಲಿ ಮಾತ್ರ ನೋಡಿದ್ದೇನೆ.

ಎಂಟು ದಿನದಲ್ಲಿ ಇನ್ಸ್‌ಪೆಕ್ಷನ್ ಇತ್ತು. ದೊಡ್ಡ ಟೀಚರ್ ನನಗೆ ಹೇಳಿಕಳಿಸಿದರು. "ಯಾರು ಗೀಚಿದ್ದು ಅಂತ ಆಮೇಲೆ ನೋಡ್ತೇನೆ. ನಿಮ್ಮಷ್ಟು ನೀಟು ಕೈ ಯಾರದೂ ಇಲ್ಲ. ಇನ್ನೊಂದು ಸಲ ಬೈಂಡ್ ಹಾಕಿಬಿಡಿ."

ಆಗುವುದಿಲ್ಲ ಎನ್ನಬೇಕಿತ್ತು. ಮಗಳು ಅವರ ಶಾಲೆಯಲ್ಲಿದ್ದಾಳೆ ಎಂದು ಹೆದರಿದೆ. ಹೊಗಳಿದ್ದೂ ಸ್ವಲ್ಪ ಹಿಡಿಸಿತ್ತು... ಹೂಂ ಎಂದೆ.

ಮರುದಿನ ಹೋದಾಗ ಲೈಬ್ರರಿ ಟೀಚರ್ ಸ್ಟೋವಿನ ಮುಂದೆ ಮೈದಾ ಕುದಿಸುತ್ತಿದ್ದರು. "ಒಬ್ಬರ ಎಷ್ಟಂತ ಮಾಡ್ತೀರಿ," ಎಂದು ನನ್ನ ಪಕ್ಕ ಕೂತು ಕಾಗದ ಕತ್ತರಿಸಿದರು. ಮೊಸಳೆ ನನ್ನ ಕೈಗೆ ಬಂದಾಗ ಅವರನ್ನು ನೋಡಿದೆ. ಅವರು ಅಂಟು ಕಲಸುತ್ತಿದ್ದರು. ಬೇಡ ಎಂದು ಒಂದು ಮಾತು ಹೇಳಿದ್ದರೆ... ಹೇಳಬೇಕಾದವಳು ನಾನಾಗಿದ್ದೆ. ಮೊಸಳೆಯ ಮೇಲೆ ಹೊಸ ಕಾಗದ ಮಡಚಿದೆ.

ಬಂದ ಸಾಹೇಬರು ಕಪಾಟನ್ನು ಹೊರಗಿನಿಂದ ನೋಡಿ, ಚಹಾ ಕುಡಿದು ಹೋದರು. ಬಾಗಿಲು ತೆಗೆಸಲೂ ಇಲ್ಲ.

ಜೂನ್‌ನಲ್ಲಿ ಶಾಲೆ ತೆರೆದಾಗ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರು ಇತ್ತು. ಲೈಬ್ರರಿ ಟೀಚರ್ ಬರಲಿಲ್ಲ. ಕಲ್ಯಾಣದಲ್ಲೇ ಒಂದು ಬಾಲವಾಡಿ ಸೇರಿದ್ದಾರೆ ಎಂದರು. ಮುಂಬ್ರಾದ ಹುಡುಗಿಯನ್ನು ಅವಳಪ್ಪ ಹಿಂದಿ ಶಾಲೆಗೆ ಹಾಕಿದ. ನನ್ನ ಮಗಳು ಓದಿದಳು, ಚೆನ್ನಾಗಿಯೇ ಇದ್ದಾಳೆ. ಅದಕ್ಕೂ ದೇವರಿಗೆ ಕೈಮುಗಿಯುತ್ತೇನೆ.

ಟೀಚರ್ ಮನೆಗೆ ಒಮ್ಮೆ ಹೋಗಿ ತಪ್ಪಾಯಿತು ಎನ್ನಬೇಕೆಂದು ವರ್ಷಗಟ್ಟಲೆ ಅಂದುಕೊಂಡೆ. ಇಲ್ಲಿಂದ ಕಲ್ಯಾಣ ಏನು ಮಹಾ ದೂರ. ಆದರೆ ಮಳೆ, ವ್ರತ, ನೆಂಟರು, ಒಂದಲ್ಲ ಒಂದು ನೆಪ. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಆ ಶಾಲೆಯ ಹಳೆಯ ಟೀಚರೊಬ್ಬರು ಸಿಕ್ಕಿ, ಲೈಬ್ರರಿ ಟೀಚರ್ ತೀರಿಹೋದರಲ್ಲ, ಗೊತ್ತಿಲ್ಲವಾ, ಎಂದರು. ಕೈಯಲ್ಲಿದ್ದ ಪಾಯಸದ ಲೋಟವನ್ನು ಕುಡಿಯದೆ ಕೆಳಗಿಟ್ಟೆ.

ದೇವರ ಮುಂದೆ ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ. ದೇವರನ್ನು ಕೇಳುವುದು ಸುಲಭ, ಠಾಣೆಯಲ್ಲಿ ಇಳಿದು ಕಲ್ಯಾಣದ ಗಾಡಿ ಹತ್ತಬೇಕಾಗಿಲ್ಲ. ಆತ ಕ್ಷಮಿಸಿಯೂ ಇರಬಹುದು. ಆದರೆ ನಾನು ತಪ್ಪು ಮಾಡಿದ್ದು ಆತನಿಗಲ್ಲ.