ಹಳೆಯ ಬ್ರಶ್ಶುಗಳ ಡಬ್ಬಿ

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳವೆಲ್ಲ ಡೀಸೆಲ್ ನಾತ. ನಮ್ಮ ಯಜಮಾನರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು, ಲುಂಗಿ ಎತ್ತಿ ಕಟ್ಟಿ, ಹಲ್ಲುಜ್ಜುವ ಬ್ರಶ್ಶಿನಿಂದ ಅದರ ಚೈನು ತಿಕ್ಕುತ್ತಿದ್ದರು. ಹೋದ ತಿಂಗಳವರೆಗೆ ಅವರ ಬಾಯಲ್ಲೇ ಆಡುತ್ತಿದ್ದ ಬ್ರಶ್ಶು ಅದು. ಈಗ ಅದರ ಎಳೆಗಳೆಲ್ಲ ಕಪ್ಪಗಾಗಿ, ಗ್ರೀಸು ಮೆತ್ತಿ, ಒಂದಕ್ಕೊಂದು ಅಂಟಿಕೊಂಡಿದ್ದವು.

ಸಕ್ಕರೆ ಕಾಯಿಲೆ ಕೈ ಮೀರುತ್ತಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ ಕೊಂಡು ತಂದ ಸೈಕಲ್ಲು. ದಪ್ಪ ಟಯರು, ಗೇರು. ಮೌಂಟೇನ್ ಬೈಕ್ ಅನ್ನಬೇಕಂತೆ, ಬರೀ ಸೈಕಲ್ಲು ಅಂದರೆ ಅವರಿಗೆ ಮುಖ ಸಣ್ಣದಾಗುತ್ತದೆ. ಶಿಕಾರಿಪುರದಿಂದ ತಾಳಗುಂದದವರೆಗೆ ತುಳಿದು, ಮೆಕ್ಕೆಜೋಳದ ಹೊಲಗಳ ಧೂಳನ್ನೆಲ್ಲ ಹೊತ್ತುಕೊಂಡು ಬಂದು, ರಾಜ್ಯ ಗೆದ್ದವರ ಹಾಗೆ ಕುಡಿಯಲು ನೀರು ಕೇಳುತ್ತಾರೆ. ಇರಲಿ. ಆ ಬ್ರಶ್ಶು, ಆ ನಾತ... ಎದುರುಮನೆಯಲ್ಲಿ ಬಾಡಿಗೆಗಿದ್ದ ಶಾಲೆಯ ಅಕ್ಕೋರು ನೆನಪಾದರು.

ನಾನು ಮದುವೆಯಾಗಿ ಈ ಓಣಿಗೆ ಬಂದ ಹೊಸತು. ಅಕ್ಕೋರು ಸೊರಬದ ಕಡೆಯವರು, ಮದುವೆ ಆಗಿರಲಿಲ್ಲ, ನನಗಿಂತ ಸ್ವಲ್ಪ ದೊಡ್ಡವರು. ತಾಳಗುಂದದ ಆಚೆಗಿನ ಒಂದು ಸಣ್ಣ ಹಳ್ಳಿಯ ಶಾಲೆಗೆ ಅವರೊಬ್ಬರೇ ಟೀಚರು. ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಕೆರೆ ಏರಿ, ಆಮೇಲೆ ಗದ್ದೆಗಳ ನಡುವಿನ ಗಾಡಿದಾರಿ. ಶಾಲೆಯ ಬೀಗದ ಕೈ ಅವರ ಚೀಲದಲ್ಲೇ ಇರುತ್ತಿದ್ದುದರಿಂದ ಅವರು ಮುಟ್ಟುವ ತನಕ ಮಕ್ಕಳು ಹೊರಗೇ ಕೂತಿರಬೇಕಿತ್ತು. ಮೊದಲು ಮಾಮೂಲಿ ಲೇಡೀಸ್ ಸೈಕಲ್ಲು ತುಳಿದು ನೋಡಿದರಂತೆ, ಆ ದಾರಿಯಲ್ಲಿ ಅದರ ರಿಮ್ಮು ಸೊಟ್ಟಗಾಯಿತು. ಕೊನೆಗೆ ಶಿವಮೊಗ್ಗಕ್ಕೆ ಹೋಗಿ ಗೇರ್ ಸೈಕಲ್ಲು ತಂದರು. ನಮ್ಮ ಓಣಿಯಲ್ಲಿ ಅಂಥದ್ದು ಅದೇ ಮೊದಲು.

ಮಳೆಗಾಲದಲ್ಲಿ ಅದು ಸಂಜೆ ಮನೆಗೆ ಬರುತ್ತಿದ್ದ ರೂಪ ಹೇಳುವಂಥದ್ದಲ್ಲ. ಗದ್ದೆಯ ಕೆಸರು, ಸಗಣಿ, ಕೊಳೆತ ಹುಲ್ಲು, ಸತ್ತ ಎರೆಹುಳ, ಎಲ್ಲ ಚೈನಿಗೆ ಸುತ್ತಿಕೊಂಡು ಬರುತ್ತಿದ್ದವು. ಅಕ್ಕೋರು ಚೂಡಿದಾರದ ಪ್ಯಾಂಟು ಮಡಚಿ, ಬಾಗಿಲ ಮುಂದೆ ಸೈಕಲ್ಲು ತಿರುವಿ ಹಾಕಿ ಕೂರುತ್ತಿದ್ದರು. ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ. ಗೇರಿನ ಹಲ್ಲುಗಳ ಸಂದಿಗೆ ಹಳೇ ಲಂಗದ ಲಾಡಿ ತೂರಿಸಿ ಆಚೆಗೊಮ್ಮೆ ಈಚೆಗೊಮ್ಮೆ ಎಳೆಯುತ್ತಿದ್ದರು, ಕಪ್ಪು ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು. ನಾಳೆ ಬೆಳಿಗ್ಗೆ ಕೆರೆ ಏರಿಯ ಮೇಲೆ ಚೈನು ಕಚ್ಚಿಕೊಂಡರೆ ಮಕ್ಕಳು ಮಳೆಯಲ್ಲಿ ಕೂರಬೇಕಾಗುತ್ತದೆ ಅನ್ನುವರು.

ಇದೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾರದ್ದು ಅವರ ಬ್ರಶ್ಶಿನ ಡಬ್ಬಿ. ಅಕ್ಕೋರು ಮನೆಮನೆಗೆ ಹೋಗಿ ಹಲ್ಲುಜ್ಜಿ ಸವೆದ ಹಳೇ ಬ್ರಶ್ಶುಗಳನ್ನು ಕೇಳಿ ತರುತ್ತಿದ್ದರು! ಒಂದು ಬ್ರಶ್ಶು ನಾಲ್ಕು ದಿನ ಬರುವುದಿಲ್ಲ, ಹೊಸದು ಕೊಳ್ಳುವುದು ದಂಡ ಎನ್ನುವುದು ಅವರ ವಾದ. ಓಣಿಯವರು ನಗುತ್ತ ಕೊಡುತ್ತಿದ್ದರು. ನನ್ನದನ್ನು ನಮ್ಮತ್ತೆ ನನ್ನನ್ನು ಕೇಳದೆಯೇ ಕೊಟ್ಟುಬಿಟ್ಟಿದ್ದರು. ಹಾಲಿನ ಪುಡಿಯ ಡಬ್ಬಿಯಲ್ಲಿ ಇಡೀ ಓಣಿಯ ಎಂಜಲು ಒಟ್ಟಿಗೆ ನಿಂತಿರುತ್ತಿತ್ತು. ಹೊಗೆಸೊಪ್ಪಿನ ಹಳದಿ ಹತ್ತಿದ್ದು, ಯಾರೋ ಕಚ್ಚಿ ಕಚ್ಚಿ ಕೆದರಿದ್ದು. ಯಾವುದು ಯಾರದ್ದು ಎಂದು ಅಕ್ಕೋರಿಗೆ ಗೊತ್ತಿರುತ್ತಿತ್ತು. ನಾನು ಆ ಡಬ್ಬಿ ಕಂಡರೆ ಸೆರಗು ಮೂಗಿಗೆ ಹಿಡಿಯುತ್ತಿದ್ದೆ.

ಒಂದು ಸಂಜೆ ಚೈನಿಗೆ ಮಷಿನ್ ಎಣ್ಣೆ ಬಿಟ್ಟು, ಒಂದು ಬಟ್ಟೆ ಚೂರು ನನ್ನ ಕಡೆ ಚಾಚಿ, ಹಿಡಿದುಕೋ ಎಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವರು ನಕ್ಕರು. "ಎಣ್ಣೆ ಹಾಕೋದು ಯಾರಿಗಾದ್ರೂ ಬರ್ತದೆ ಮಾರಾಯ್ತಿ, ಹೆಚ್ಚಾಗಿದ್ದನ್ನ ಒರೆಸೋದೇ ಕೆಲಸ. ಒರೆಸ್ದೆ ಬಿಟ್ರೆ ದಾರಿ ಮೇಲಿನ ಗಲೀಜೆಲ್ಲ ಬಂದು ಅದಕ್ಕೇ ಅಂಟ್ತದೆ" ಎಂದರು.

ಅಕ್ಕೋರಿದ್ದ ಮನೆಯ ಮಾಲೀಕರು ಪಕ್ಕದಲ್ಲೇ ಇದ್ದರು. ದಿನಾ ಹೊಸ್ತಿಲಿಗೆ ಗಂಜಲ ಚಿಮುಕಿಸುವವರು, ನೋಟು ಮುಟ್ಟಿದರೂ ಕೈ ತೊಳೆಯುವವರು. ಪೇಟೆಯಲ್ಲಿ ಅವರದೊಂದು ಮಳಿಗೆ, ಅದರಲ್ಲೇ ನಮ್ಮವರ ಗೊಬ್ಬರದ ಅಂಗಡಿ. ಅಕ್ಕೋರು ಸೈಕಲ್ಲು ತೊಳೆದ ಕಪ್ಪು ನೀರು ಮೋರಿ ಸೇರುವ ಮೊದಲು ಮಾಲೀಕರ ಬಾಗಿಲ ಮುಂದೆ ಒಂದಿಷ್ಟು ಹರಿಯುತ್ತಿತ್ತು. ಮೊದಮೊದಲು ಬಾಯಲ್ಲಿ ಹೇಳಿದರು. ಅಕ್ಕೋರು ತಪ್ಪಾಯಿತೆಂದು ಬೂದಿ ಹಾಕಿ ಗುಡಿಸಿದರು. ಆಮೇಲೆ ಮಾಲೀಕರ ಮಾತು ನೀರು ಬಿಟ್ಟು ಬೇರೆ ಕಡೆ ಹರಿಯಿತು. ಹೆಂಗಸು ಕಾಲು ಅಗಲಿಸಿ ಗಂಡಸರ ಸೈಕಲ್ಲು ಹತ್ತುವುದೇನು, ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂರುವುದೇನು, ಮರ್ಯಾದಸ್ತರ ಓಣಿಯಿದು ಎಂದು ಕಂಡಕಂಡವರ ಮುಂದೆ ಆಡತೊಡಗಿದರು. ಅಕ್ಕೋರು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಮ್ಮೆ ಶಾಲೆ ನೋಡಲು ಮೇಲಿನ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಟೀಚರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದು ಯಾರೋ ದೂರು ಕೊಟ್ಟಿದ್ದರಂತೆ. ಈ ಸಲ ತಡವಾದರೆ ನನ್ನನ್ನು ಆ ಶಾಲೆಯಲ್ಲಿ ಇಡುವುದಿಲ್ಲ ಎಂದು ಅಕ್ಕೋರು ನಲ್ಲಿಯ ಹತ್ತಿರ ಎಲ್ಲರೆದುರೇ ಹೇಳಿದರು. ಹಿಂದಿನ ಸಂಜೆ ಸೈಕಲ್ಲನ್ನು ಕನ್ನಡಿಯ ಹಾಗೆ ಮಾಡಿಟ್ಟರು.

ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ನಾನು ಬಾಗಿಲು ತೆಗೆದಾಗ ಮಾಲೀಕರು ಆ ಸೈಕಲ್ಲಿನ ಮೇಲೆ ಬಗ್ಗಿದ್ದರು. ಕೈಯಲ್ಲಿ ಮೊಂಡು ಪೊರಕೆ. ಸೀಟು, ಹ್ಯಾಂಡಲ್ಲು, ಬ್ರೇಕು, ಚೈನು, ಒಂದೂ ಬಿಡದೆ ಹೇಲು ಬಳಿಯುತ್ತಿದ್ದರು. ಬರೆಯಲು ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. ನಾಯಿಯದೋ ಮನುಷ್ಯರದೋ, ಆ ನಾತ ಬೀದಿ ದಾಟಿ ನನ್ನ ಗಂಟಲಿಗೆ ಇಳಿಯಿತು. ನನ್ನನ್ನು ಕಂಡರೂ ಅವರು ಗಾಬರಿಯಾಗಲಿಲ್ಲ. ಪೊರಕೆಯನ್ನು ಮೋರಿಗೆಸೆದು, ನಲ್ಲಿಗೆ ಹೋಗಿ, ಸೋಪು ಹಚ್ಚಿ ಹಚ್ಚಿ ಕೈ ತೊಳೆದು, ಒಳಗೆ ಪೂಜೆಗೆ ಹೋದರು.

ಅಕ್ಕೋರು ಒಗೆದ ಚೂಡಿದಾರ ತೊಟ್ಟು ಚೀಲ ಹಾಕಿಕೊಂಡು ಹೊರಗೆ ಬಂದರು. ನೋಡಿದರು. ನಾನು ಕಂಡದ್ದನ್ನು ಕಂಡ ಹಾಗೆಯೇ ಹೇಳಿದೆ. ನಮ್ಮವರ ಬಜಾಜ್ ಗಾಡಿ ಬಾಗಿಲಲ್ಲೇ ಇತ್ತು. ಇವರನ್ನು ಶಾಲೆಗೆ ಬಿಟ್ಟು ಬನ್ನಿ ಎಂದು ಒಳಗೆ ಹೋಗಿ ಬೇಡಿಕೊಂಡೆ.

"ಅವರ ಮಳಿಗೇಲಿ ಅಂಗಡಿ ಇಟ್ಕಂಡು ಅವರನ್ನೇ ಎದುರು ಹಾಕ್ಕಳಾಕಾಗುತ್ತಾ? ಸುಮ್ನೆ ಒಳಗಿರು" ಎಂದರು ನಮ್ಮವರು. ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಓಣಿಯ ಉಳಿದ ಗಂಡಸರು ಮೂಗು ಮುಚ್ಚಿಕೊಂಡು ಕಿಟಕಿಯಲ್ಲಿ ನಿಂತಿದ್ದರು. ಹೊತ್ತಿಗೆ ಸರಿಯಾಗಿ ಬರದ ಬಸ್ಸನ್ನು ನಂಬುವ ಹಾಗಿರಲಿಲ್ಲ, ಇಳಿದ ಮೇಲೂ ಅಷ್ಟು ದೂರ ನಡೆಯಬೇಕಿತ್ತು. ಅಕ್ಕೋರು ವೇಲನ್ನು ಸೊಂಟಕ್ಕೆ ಕಟ್ಟಿ, ಕೊಡ ತಂದು ನೀರು ಸುರಿದರು. ಆಮೇಲೆ ಡಬ್ಬಿ ತಂದು ಬ್ರಶ್ಶುಗಳನ್ನು ಒಂದೊಂದೇ ಸರಿಸಿ ನೋಡಿ, ಕೆಂಪು ಹಿಡಿಯ, ಕರಿ ಹಲ್ಲುಪುಡಿ ಮೆತ್ತಿದ ಒಂದನ್ನು ಆರಿಸಿದರು. ಮಾಲೀಕರೇ ಎರಡು ಬೆರಳಲ್ಲಿ ಹಿಡಿದು ಕೊಟ್ಟಿದ್ದ ಬ್ರಶ್ಶು. ಅದರಿಂದಲೇ ಸೀಟು ತಿಕ್ಕಿದರು, ಬ್ರೇಕು ತಿಕ್ಕಿದರು, ಚೈನಿನ ಒಂದೊಂದು ಕೊಂಡಿ ತಿಕ್ಕಿದರು. ಎರಡು ಸಲ ಓಕರಿಕೆ ಬಂದು ಮೋರಿಯತ್ತ ಬಗ್ಗಿದರು. ನಾನು ನೀರು ಹಾಕುತ್ತ ನಿಂತಿದ್ದೆ.

ಸೈಕಲ್ಲು ಒರೆಸಿಯಾದ ಮೇಲೆ ಆ ಬ್ರಶ್ಶನ್ನು ತೊಳೆಯದೆ, ಇದ್ದ ಹಾಗೆಯೇ, ಮಾಲೀಕರ ಹೊಸ್ತಿಲ ಮೇಲೆ ಇಟ್ಟರು. ಒಳಗೆ ಪೂಜೆಯ ಗಂಟೆ ಕೇಳಿಸುತ್ತಿತ್ತು.

"ನಿಮ್ಮ ಬ್ರಶ್ಶು ವಾಪಸ್ ಇಟ್ಟಿದೀನಿ ಮಾಲೀಕ್ರೆ" ಎಂದು, ಕೂಗದೆ, ಮಕ್ಕಳಿಗೆ ಹೇಳುವ ಧ್ವನಿಯಲ್ಲಿ ಹೇಳಿದರು. ಗಂಟೆ ನಿಂತಿತು.

ಅವರು ಶಾಲೆ ಮುಟ್ಟುವಷ್ಟರಲ್ಲಿ ಅಧಿಕಾರಿ ಬೀಗ ಹಾಕಿದ ಬಾಗಿಲನ್ನೂ ಹೊರಗೆ ಕೂತ ಮಕ್ಕಳನ್ನೂ ನೋಡಿಕೊಂಡು ಹೋಗಿಯಾಗಿತ್ತು. ಏಕೆ ತಡವಾಯಿತು ಎಂದು ಕೇಳಿದವರಿಗೆ ಏನೆಂದು ಹೇಳುವುದು? ತಿಂಗಳೊಳಗೆ ಇಲಾಖೆಯವರು ಅವರನ್ನು ಆ ಶಾಲೆಯಿಂದ ತೆಗೆದರು, ಮಾಲೀಕರು ಮನೆಯನ್ನೂ ಬಿಡಿಸಿದರು. ಓಣಿ ಸ್ವಚ್ಛವಾಯಿತು ಎಂದು ಹೇಳಿಕೊಂಡು ತಿರುಗಿದರು. ನಮ್ಮ ಮನೆಗೆ ಬಂದು ಕಾಫಿಯನ್ನೂ ಕುಡಿದು ಹೋದರು. ಆ ಲೋಟವನ್ನು ನಾನು ಮತ್ತೆ ಬಳಸಲಿಲ್ಲ.

ಕೆಲವು ವರ್ಷಗಳ ಮೇಲೆ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರನ್ನು ಕಂಡೆ. ಬಸ್ಸಿಗೆ ಕಾಯುತ್ತಿದ್ದರು, ದಪ್ಪಗಾಗಿದ್ದರು. ಸೈಕಲ್ಲು ಏನಾಯಿತು ಎಂದು ಕೇಳಿದೆ. ಕೊಟ್ಟುಬಿಟ್ಟೆ ಎಂದರು. "ಎಷ್ಟು ತೊಳೆದ್ರೂ ನಂಗೆ ವಾಸ್ನೆ ಹೋಗ್ಲಿಲ್ಲ ಮಾರಾಯ್ತಿ" ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು... ಮತ್ತೆ ಅವರನ್ನು ನಾನು ಕಂಡಿಲ್ಲ.

ಈಗ ನಮ್ಮವರು ತೊಳೆದ ಕಪ್ಪು ನೀರು ರಸ್ತೆ ದಾಟಿ, ಅದೇ ಮೋರಿಯತ್ತ, ಅದೇ ಬಾಗಿಲ ಮುಂದೆ ಹರಿಯುತ್ತಿತ್ತು. ಮಾಲೀಕರು ತೀರಿಕೊಂಡು ಬಹಳ ದಿನವಾಯಿತು. ಅವರ ಮಗ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಹೊರಗೆ ಬಂದು, ಕಾಲೆತ್ತಿ ನೀರು ಹರಿಯಲು ದಾರಿ ಬಿಟ್ಟು, ಭಾರಿ ಚೆನ್ನಾಗಿ ಮೇಂಟೇನ್ ಮಾಡ್ತೀರಿ ಬಿಡ್ರಿ ಎಂದು ಹೊಗಳಿದ. ನಮ್ಮವರು ಹಲ್ಲು ಕಿರಿದರು. ನನಗೆ ಇಬ್ಬರ ಮೇಲೂ ಒಟ್ಟಿಗೇ ಅಸಹ್ಯ ಉಕ್ಕಿ ಬಂತು. ಅಕ್ಕೋರು ನೆನಪಿದ್ದಾರಾ ಎಂದು ಕೇಳಿದೆ. ಯಾವ ಅಕ್ಕೋರು ಎಂದರು ನಮ್ಮವರು.

ಚೈನಿಗೆ ಡಬ್ಬಿಗಟ್ಟಲೆ ಎಣ್ಣೆ ಸುರಿದು, ಆಯಿತು ಎಂದು ಅವರು ಸ್ನಾನಕ್ಕೆ ಹೋದರು. ಎಣ್ಣೆ ತೊಟ್ಟಿಕ್ಕುತ್ತಲೇ ಇತ್ತು. ನಾನು ಒಳಗಿಂದ ಹಳೇ ಲಂಗದ ಚೂರೊಂದು ತಂದು, ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಪೆಡಲು ತಿರುಗಿಸುತ್ತ ಇನ್ನೊಂದರಲ್ಲಿ ಚೈನು ಹಿಡಿದೆ. ಕಪ್ಪೆಣ್ಣೆ ಬೆರಳ ಸಂದಿಗೆ ಇಳಿಯಿತು, ಉಗುರಿಗೆ ಹತ್ತಿತು. ಹೇಸಿಗೆಯೇ ಆಗುತ್ತಿತ್ತು. ಒಳಗಿಂದ ಟವೆಲ್ ಕೊಡೆಂದು ಕೂಗಿದರು. ನಾನು ಒರೆಸುತ್ತಲೇ ಇದ್ದೆ.