ಬಿಸಿಯಿಲ್ಲದ ದೀಪ

ಎಫಿಮ್ ಸ್ಟುಶ್ನಾಫನಿಗೆ ಈಗ ಅರವತ್ತೊಂಬತ್ತು. ಅಮೆರಿಕದ ಉತ್ತರ ಗಡಿಯಾಚೆಯ ಸ್ಲೋಕನ್ ಕಣಿವೆಯಲ್ಲೇ ಹುಟ್ಟಿ, ಅಲ್ಲಿನ ಮರದ ಮಿಲ್ಲಿನಲ್ಲೇ ಮೂವತ್ತೊಂದು ವರ್ಷ ಗರಗಸದ ಮುಂದೆ ನಿಂತು, ಮಿಲ್ಲು ಮುಚ್ಚಿದ ಮೇಲೆ ಮನೆ ಸೇರಿದವನು. ಯುದ್ಧ ಒಲ್ಲದೆ ಹಿಂದೆ ದೇಶ ಬಿಟ್ಟು ಬಂದ ಕ್ರೈಸ್ತ ಪಂಗಡ, ದುಖೋಬೋರರ ಕುಲ. ಮಾಂಸ ಮುಟ್ಟುವುದಿಲ್ಲ, ಹೆಂಡ ಮುಟ್ಟುವುದಿಲ್ಲ, ಹೊಗೆಸೊಪ್ಪಿನ ವಾಸನೆ ಬಂದರೆ ಅಜ್ಜಂದಿರು ಎದ್ದು ಹೊರಗೆ ಹೋಗುತ್ತಿದ್ದರು. ಇಂಥ ಮನೆಯವನು ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಗಾಂಜಾ ಗಿಡ ಸಾಕಿದ ಅಂದರೆ ನಗಬೇಡಿ. ಒಂದು ದಿನವೂ ಸೇದಿದವನಲ್ಲ. ಸಾಕಿದ್ದು ಹೆಂಡತಿ ಲೂಶಾಳಿಗಾಗಿ.

ಲೂಶಾಳದು ನರದ ಕಾಯಿಲೆ. ಕೂತಲ್ಲೇ, ಮಲಗಿದಲ್ಲೇ ಎರಡೂ ಕಾಲು ಸೆಟೆದುಕೊಂಡು ಕೊರಡಾಗಿಬಿಡುತ್ತವೆ. ಆ ಹೊತ್ತಿನಲ್ಲಿ ಅವಳ ಮುಖ ನೋಡುವುದು ಯಾವ ಗಂಡನಿಗೂ ಬೇಡ. ಡಾಕ್ಟರರ ಮಾತ್ರೆ ನುಂಗಿದರೆ ನೋವಿನ ಜೊತೆ ಅವಳೂ ಮಾಯವಾಗುತ್ತಿದ್ದಳು. ಬಾಯಿ ತೆರೆದುಕೊಂಡು ಗೋಡೆ ನೋಡುತ್ತಾ ಇಡೀ ದಿನ ಕೂತಿರುತ್ತಿದ್ದಳು. ಆಗ ಪಾಸ್‌ಮೋರಿನ ಓಪಲ್ ಎಂಬ ಮುದುಕಿ, ಊರು ಬಿಟ್ಟು ಕಡಲ ಕಡೆ ಹೊರಟವಳು, ಕಾಫಿ ಡಬ್ಬಿಯಲ್ಲಿ ಒಂದು ಗಿಡ ತಂದುಕೊಟ್ಟಳು. "ಇದರ ಹೂವನ್ನ ಬೆಣ್ಣೇಲಿ ಕಾಯಿಸಿ ಸೋಸು. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ನನ್ನ ಅಕ್ಕನಿಗೆ ಆಗಿತ್ತು, ನಿನ್ ಹೆಂಡ್ತಿಗೂ ಆಗುತ್ತೆ" ಅಂದಳು. ಆಯಿತು. ಕಾಲು ಸಡಿಲವಾಯಿತು, ಲೂಶಾ ಲೂಶಾಳಾಗಿಯೇ ಉಳಿದಳು. ಬೋರ್ಷ್ಟ್ ಸಾರಿಗೆ ಎಲೆಕೋಸು ಹೆಚ್ಚಿದಳು, ಪ್ರಾರ್ಥನೆಯ ಮನೆಯಲ್ಲಿ ಕೀರ್ತನೆ ಹೇಳಿದಳು, ಗಂಡನನ್ನು ಬೈದಳು. ಗಿಡಕ್ಕೆ ಅವರು ಅಜ್ಜಿ ಎಂದು ಹೆಸರಿಟ್ಟರು.

ಅಜ್ಜಿಗೆ ಬೀಜವಿಲ್ಲ. ಕಡ್ಡಿ ಕತ್ತರಿಸಿ ನೆಟ್ಟು ಬೇರು ಬರಿಸಬೇಕು. ಆ ಕಡ್ಡಿ ಬೆಳೆದರೆ ಅದೂ ಅಜ್ಜಿಯೇ. ಹಾಗಾಗಿ ಒಂದು ತಾಯಿಗಿಡವನ್ನು ಯಾವಾಗಲೂ ಜೀವಂತ ಇಟ್ಟುಕೊಂಡಿರಬೇಕು. ಕಣಿವೆಯಲ್ಲಿ ಸಾಕುವವರದೆಲ್ಲ ಒಂದು ಪದ್ಧತಿ: ಒಳ್ಳೆಯ ಗಿಡ ಸಿಕ್ಕಿತೋ, ಪಕ್ಕದವನಿಗೂ ಒಂದು ಕಡ್ಡಿ ಕೊಟ್ಟಿಡು, ನಿನ್ನದು ಸತ್ತರೆ ಅವನ ಹತ್ತಿರ ಇರುತ್ತದೆ. ಕಾನೂನು ಒಪ್ಪದಿದ್ದ ಕಾಲದಲ್ಲೇ ಕದ್ದುಮುಚ್ಚಿ ಕೊಡುತ್ತಿದ್ದರು. ಮನೆಗೆ ನಾಲ್ಕು ಗಿಡ ಎಂದು ಸರ್ಕಾರವೇ ಒಪ್ಪಿದ ಮೇಲೆ ವಸಂತದಲ್ಲಿ ಜಾಮ್ ಬಾಟಲಿಗಳಲ್ಲಿ ಕಡ್ಡಿ ಇಟ್ಟುಕೊಂಡು ಬಹಿರಂಗವಾಗಿಯೇ ಹಂಚತೊಡಗಿದರು. ಎಫಿಮ್ ಮಾತ್ರ ಯಾರಿಗೂ ಕೊಡಲಿಲ್ಲ. ಪಕ್ಕದ ಮನೆಯ ರಸ್ಸೆಲ್ ಮೂರು ವಸಂತ ಕೇಳಿದ. ಯುದ್ಧಕ್ಕೆ ಹೋಗಲಾರೆನೆಂದು ಇಪ್ಪತ್ತರ ವಯಸ್ಸಿಗೆ ಅಮೆರಿಕ ಬಿಟ್ಟು ಓಡಿಬಂದು, ಐವತ್ತು ವರ್ಷದಿಂದ ಎಫಿಮನ ಬೇಲಿಯಾಚೆ ಇರುವವನು. ಅಂಥ ಗೆಳೆಯನಿಗೂ ಇಲ್ಲ.

"ಒಂದೇ ಒಂದು ಕಡ್ಡಿ ಕಣೋ. ನಿನ್ ಆಸ್ತಿ ಬರ್ಕೊಡು ಅಂತ ಕೇಳ್ತಿದೀನಾ?"

"ಅದು ಲೂಶಾಳ ಗಿಡ. ನೀನು ತಗೊಂಡು ಹೋಗಿ ಕಂಡಕಂಡವರಿಗೆ ಸೇದ್ಸಿ, ಅದಕ್ಕೊಂದು ತಿಕ್ಕಲು ಹೆಸರಿಡ್ತೀಯ. ಆಗಲ್ಲ."

"ಜಿಪುಣ ನನ್ಮಗ್ನೆ" ಎಂದು ರಸ್ಸೆಲ್ ನಕ್ಕು ಸುಮ್ಮನಾದ. ಅದು ಜಿಪುಣತನವೂ ಅಲ್ಲ, ಏನೆಂದು ಹೇಳುವುದು! ತನ್ನ ಹೆಂಡತಿಯ ಔಷಧಿ ತನ್ನ ಕೈಯಿಂದಲೇ ಹುಟ್ಟಬೇಕು ಎಂಬ ಹುಚ್ಚು ಹೆಮ್ಮೆ. ಇದ್ದರೆ ಇರಲಿ, ಆದರೆ ಹೆಮ್ಮೆಗೂ ಒಂದು ಮಿತಿ ಬೇಡವೇ?

ಹೋದ ಶರತ್ಕಾಲದಲ್ಲಿ ವಿಮೆಯವನು ಮನೆ ನೋಡಲು ಬಂದ. ನೆಲಮಾಳಿಗೆಯಲ್ಲಿ ಹಳದಿಯಾಗಿ ಉರಿಯುವ ಸೋಡಿಯಂ ದೀಪಗಳನ್ನೂ ಅವುಗಳಿಗೆ ಎಳೆದಿದ್ದ ಕಂದುಗಟ್ಟಿದ ತಂತಿಯನ್ನೂ ನೋಡಿ ಹುಬ್ಬು ಗಂಟಿಕ್ಕಿದ. ಗಿಡಕ್ಕೆ ಅವನ ತಕರಾರಿಲ್ಲ, ದೀಪ ಮಾತ್ರ ಇರಕೂಡದು. ಮಗಳು ನಡೀನ್ ಅದನ್ನೇ ಕಾಯುತ್ತಿದ್ದಳು. ಮುಂದಿನ ಭಾನುವಾರವೇ ನೆಲ್ಸನ್ ಪೇಟೆಯಿಂದ ಎರಡು ಎಲ್‌ಇಡಿ ದೀಪದ ಹಲಗೆ ತಂದಳು.

"ಅಪ್ಪಾ, ಇದು ಬಿಸಿ ಆಗಲ್ಲ. ಬೆಂಕಿ ಭಯ ಇಲ್ಲ. ಅಮ್ಮ ಮೇಲೆ ಮಲಗಿರ್ತಾಳೆ, ಎದ್ದು ಓಡೋಕಾಗಲ್ಲ ಅನ್ನೋದಾದ್ರೂ ನೆನಪಿದೆಯಾ ನಿನಗೆ?"

ಎಫಿಮ್ ಹಳೆಯ ದೀಪಗಳನ್ನು ಕಳಚಿಟ್ಟ. ಒಂದು ಹಲಗೆಯನ್ನು ಹೂಬಿಡುವ ಮೂರು ಗಿಡಗಳ ಮೇಲೂ ಇನ್ನೊಂದನ್ನು ತಾಯಿಗಿಡದ ಕಪಾಟಿನಲ್ಲೂ ತೂಗುಹಾಕಿದ. ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ ಇತ್ತು. ಅದನ್ನು ಓದದೆ ಬಾನ್ಯಾದ, ಅಂದರೆ ಶನಿವಾರದ ಹಬೆಸ್ನಾನದ ಕೋಣೆಯ ಒಲೆ ಹೊತ್ತಿಸಲು ಬಳಸಿದ. ಇಪ್ಪತ್ತೆರಡು ವರ್ಷದ ಕೈಗೆ ಕಾಗದ ಏನು ಹೇಳಿಕೊಡುತ್ತದೆ?

ದೀಪ ಎಷ್ಟು ಎತ್ತರಕ್ಕಿರಬೇಕು ಎಂದು ತಿಳಿಯಲು ಕಣಿವೆಯ ಹಳಬರದು ಒಂದೇ ಲೆಕ್ಕ. ಗಿಡದ ತುದಿಯ ಮಟ್ಟಕ್ಕೆ ಅಂಗೈಯ ಹಿಂಬದಿ ಹಿಡಿ, ಇಪ್ಪತ್ತು ಎಣಿಸು. ಸುಟ್ಟರೆ ದೀಪ ಮೇಲಕ್ಕೆತ್ತು. ಬೆಚ್ಚಗಿದ್ದರೆ ಸರಿ. ತಣ್ಣಗಿದ್ದರೆ ಇಳಿಸು. ಎಫಿಮ್ ಕೈ ಹಿಡಿದ, ಇಪ್ಪತ್ತು ಎಣಿಸಿದ. ತಣ್ಣಗಿತ್ತು. ಇಳಿಸಿದ. ಮತ್ತೆ ಹಿಡಿದ, ಮತ್ತೂ ತಣ್ಣಗೆ. ಇಳಿಸುತ್ತಾ ಇಳಿಸುತ್ತಾ ಹಲಗೆ ಗಿಡದ ತಲೆಗೆ ಗೇಣುದ್ದ ಅಂತರಕ್ಕೆ ಬಂತು.

"ಏನು ದೀಪ ತಂದಳೋ ಮಹಾತಾಯಿ, ದೊಡ್ಡ ಬೆಳಕು, ಕಾವೇ ಇಲ್ಲ" ಎಂದು ಮೇಲೆ ಬಂದು ಗೊಣಗಿದ.

"ಮಗಳು ತಂದದ್ದು ಅಂತ ಕೊಂಕು ತೆಗೀಬೇಡ. ನಿನಗೆ ಹೊಸ ಚಪ್ಪಲಿ ತಂದ್ರೂ ಆರು ತಿಂಗಳು ಬೈತೀಯ" ಎಂದಳು ಲೂಶಾ.

ಎರಡು ವಾರಕ್ಕೆ ಗಿಡಗಳ ತುದಿ ಬೆಳ್ಳಗಾಯಿತು, ಸುಣ್ಣ ಬಳಿದ ಹಾಗೆ. ಹಸಿವು ಇರಬೇಕು ಎಂದುಕೊಂಡು ಗೊಬ್ಬರದ ನೀರು ಹೆಚ್ಚಿಸಿದ. ಹಳೆಯ ದೀಪಗಳು ನೆಲಮಾಳಿಗೆಯನ್ನೆಲ್ಲ ಕಾಯಿಸುತ್ತಿದ್ದವು, ಮಣ್ಣು ಎರಡು ದಿನಕ್ಕೆ ಒಣಗುತ್ತಿತ್ತು. ಈಗ ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಕಾವಿಲ್ಲ, ಕುಂಡದ ಮಣ್ಣು ವಾರವಾದರೂ ಕೆಸರು. ಅವನ ಕೈ ಮಾತ್ರ ಹಳೆಯ ಅಭ್ಯಾಸದಂತೆ ಎರಡು ದಿನಕ್ಕೊಮ್ಮೆ ನೀರು ಹುಯ್ಯುತ್ತಲೇ ಇತ್ತು. ರಸ್ಸೆಲ್‌ನನ್ನು ಒಂದು ಮಾತು ಕೇಳಬಹುದಿತ್ತು. ಅವನ ಮನೆಯಲ್ಲಿ ಐದು ವರ್ಷದಿಂದ ಇದೇ ಥರದ ದೀಪ. ಆದರೆ ಆ ದೀಪ ನೋಡಿ, "ಹಲ್ಲು ಕೀಳೋ ಡಾಕ್ಟರ ಕೋಣೆ ಥರ ಮಾಡಿಟ್ಟಿದೀಯಲ್ಲೋ" ಎಂದು ಊರೆಲ್ಲ ನಗುವಂತೆ ಆಡಿಕೊಂಡವನು ಇವನೇ. ಈಗ ಯಾವ ಮುಖ ಹೊತ್ತು ಹೋಗುವುದು? ಹೋಗಲಿಲ್ಲ. ಐದು ವಾರ ಕಳೆಯಿತು. ಹೂವಿನ ಗಿಡಗಳು ಮೂರೂ ಕರಕಲಾದವು.

ಹೋಗಲಿ, ತಾಯಿ ಇದ್ದಾಳಲ್ಲ ಎಂದು, ಇಷ್ಟು ದಿನ ಬರೀ ನೀರು ಹುಯ್ದು ಮುಚ್ಚುತ್ತಿದ್ದ ಕಪಾಟನ್ನು ತೆಗೆದು ಸರಿಯಾಗಿ ನೋಡಿದ. ಅಜ್ಜಿಯ ಎಲೆ ಜೋತುಬಿದ್ದಿದ್ದವು. ಬುಡದ ಹತ್ತಿರ ಕಾಂಡ ಕಪ್ಪಗಾಗಿತ್ತು. ಎಫಿಮ್ ಕತ್ತರಿ ತಂದು ಹನ್ನೆರಡು ಕಡ್ಡಿ ಕತ್ತರಿಸಿದ. ಹನ್ನೆರಡಾದರೆ ಕಾನೂನಿನ ಲೆಕ್ಕ ತಪ್ಪುತ್ತದೋ ಏನೋ, ಅದನ್ನೆಲ್ಲ ಯೋಚಿಸುವ ಹೊತ್ತೇ ಅದು? ಒದ್ದೆ ಮಣ್ಣಿನಲ್ಲಿ ಊರಿ, ಎಳೆಯ ಕಡ್ಡಿಗೆ ಕಾವು ಬೇಕೆಂದು ಅದೇ ದೀಪವನ್ನು ಇನ್ನೂ ಎರಡು ಬೆರಳು ಇಳಿಸಿದ. ಮಾರನೆಯ ದಿನ, ಅದರ ಮಾರನೆಯ ದಿನ, ದಿನಕ್ಕೆ ಹತ್ತು ಸಲ ಇಳಿದು ನೋಡಿದ. ಒಂಬತ್ತನೆಯ ದಿನಕ್ಕೆ ಹನ್ನೆರಡೂ ಬುಡದಲ್ಲಿ ಲೋಳೆಯಾಗಿ ಬಗ್ಗಿದವು. ಆಗ ಹೆಮ್ಮೆ ಬಿಟ್ಟು ಬೇಲಿ ದಾಟಿದ.

ರಸ್ಸೆಲ್ ಬಂದವನು ಮೊದಲು ದೀಪ ನೋಡಿದ. ನಗುತ್ತಾ ಬಂದಿದ್ದ ಮುಖ ಗಂಭೀರವಾಯಿತು.

"ಎಷ್ಟು ದಿನದಿಂದ ಇದು ಇಷ್ಟು ಕೆಳಗಿದೆ?"

"ಮೊದ್ಲಿಂದ. ತಣ್ಣಗಿತ್ತಲ್ಲ ಕಣೋ. ಕೈ ಇಟ್ಟು ನೋಡ್ದೆ."

"ಅಯ್ಯೋ ಮಾರಾಯ, ಅದು ತಣ್ಣಗೇ ಇರತ್ತೆ! ಇದರಲ್ಲಿ ಸುಡೋದು ಬೆಳಕು, ಬಿಸಿಯಲ್ಲ. ಕೈಗೆ ಗೊತ್ತಾಗೋದೇ ಇಲ್ಲ. ಮೊಳ, ಮೊಳಕ್ಕಿಂತ ಜಾಸ್ತಿ ಮೇಲಿರಬೇಕು ಇದು."

ತಾಯಿಗಿಡವನ್ನು ಕುಂಡದಿಂದ ಎತ್ತಿದ. ಬಿಳಿ ಬೇರು ಇರಬೇಕಾದಲ್ಲಿ ಕಂದು ಲೋಳೆ, ಚರಂಡಿಯ ವಾಸನೆ. ಬೆರಳಲ್ಲಿ ಒತ್ತಿದರೆ ಬೇರಿನ ಸಿಪ್ಪೆ ಕಳಚಿ ಕೈಗೆ ಬಂತು. ಎಫಿಮ್ ಗೆಳೆಯನ ಮುಖ ನೋಡದೆ ಕೇಳಿದ:

"ರಸ್ಸೆಲ್, ನೀನು ಇಷ್ಟು ವರ್ಷದಿಂದ ಈ ಮನೆಗೆ ಬಂದು ಹೋಗ್ತಿದೀಯ. ಒಂದ್ಸಲನಾದ್ರೂ… ಒಂದು ಕಡ್ಡಿ ಕದ್ದಿದೀಯಾ? ಕದ್ದಿದ್ರೆ ಹೇಳಿಬಿಡೋ. ಬೈಯಲ್ಲ ನಿನ್ನ. ಕಾಲಿಗೆ ಬೀಳ್ತೀನಿ ಬೇಕಾದ್ರೆ."

ರಸ್ಸೆಲ್ ಕೈಯಲ್ಲಿದ್ದ ಬೇರನ್ನು ಕುಂಡಕ್ಕೆ ಹಾಕಿ, ಪ್ಯಾಂಟಿಗೆ ಕೈ ಒರೆಸಿಕೊಂಡ. "ಕದೀಬೇಕಿತ್ತು ಕಣೋ. ನೀವಿಬ್ರೂ ನಡೀನ್ ಮನೆಗೆ ಹೋದಾಗ ಬೆಕ್ಕಿಗೆ ಹಾಲು ಹಾಕೋಕೆ ಬರ್ತಿದ್ನಲ್ಲ, ಆಗ ಎರಡು ಸಲ ಕತ್ತರಿ ಕೈಲಿ ಹಿಡಿದು ಇಲ್ಲೇ ನಿಂತಿದ್ದೆ. ನೀನು ಬೇಡ ಅಂದಿದ್ದೆಯಲ್ಲ, ಮನಸ್ಸು ಬರಲಿಲ್ಲ. ಥೂ, ನನ್ನ ಮರ್ಯಾದೆಗಿಷ್ಟು."

ಆ ದಿನದಿಂದ ಎಫಿಮ್ ಎಂಬ ಮನುಷ್ಯ ಅರ್ಧವಾದ. ಓಪಲ್ ಸತ್ತು ಹನ್ನೊಂದು ವರ್ಷವಾಗಿತ್ತು. ಅವಳ ಮಗನಿಗೆ ಫೋನು ಮಾಡಿದರೆ, "ಅಮ್ಮನ ಗಿಡಗಳಾ? ಎಲ್ಲ ಕಿತ್ತು ಎಸೆದು ಗ್ಯಾರೇಜ್ ಮಾಡಿದೆವು" ಎಂದ. ಫ್ರಿಜ್ಜಿನಲ್ಲಿದ್ದ ಬೆಣ್ಣೆ ಬಾಟಲಿ ಫೆಬ್ರವರಿ ಮುಗಿಯುವ ಹೊತ್ತಿಗೆ ಖಾಲಿಯಾಯಿತು. ಕಡೆಯ ಚೂರನ್ನು ಎಫಿಮ್ ಬ್ರೆಡ್ಡಿನ ತುಂಡಿನಿಂದ ಒರೆಸಿ ತೆಗೆದು ಅವಳಿಗೆ ತಿನ್ನಿಸಿದ. ಆಮೇಲೆ ಸರ್ಕಾರಿ ಪರವಾನಗಿಯ ಗಾಂಜಾ ಅಂಗಡಿಗೆ ಹೋದ. ಅಲ್ಲಿ ನಲವತ್ತು ಥರ ಇವೆ, ಬಣ್ಣಬಣ್ಣದ ಪೊಟ್ಟಣ. ಅಂಗಡಿಯ ಹುಡುಗಿ ಪ್ರೀತಿಯಿಂದಲೇ ಆರಿಸಿಕೊಟ್ಟಳು. ಅದನ್ನು ತಿಂದು ಲೂಶಾ ಒಂದಿಡೀ ಮಧ್ಯಾಹ್ನ ಸತ್ತ ತನ್ನ ತಾಯಿ ಕಿಟಕಿ ಹತ್ತಿರ ನಿಂತಿದ್ದಾಳೆಂದು ಅತ್ತಳು. ಇನ್ನೊಂದು ಥರದ್ದು ವಾಂತಿಯಾಯಿತು. ಮತ್ತೊಂದು ಏನೂ ಮಾಡಲಿಲ್ಲ. ಡಾಕ್ಟರರು ಮಾತ್ರೆ ಇನ್ನೊಂದು ಸಲ ನೋಡೋಣವೇ ಎಂದರು. ಲೂಶಾ ಆ ಗೋಡೆ ನೋಡುವ ದಿನಗಳನ್ನು ಮರೆತಿರಲಿಲ್ಲ, ಬೇಡವೆಂದು ತಲೆಯಾಡಿಸಿದಳು.

ಒಂದು ದಿನವೂ ಅವಳು, "ನೀನು ಕೊಂದೆ" ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕಾಲು ಸೆಟೆದಾಗ ಅವನು ಓಡಿಬಂದು ತಿಕ್ಕುತ್ತಿದ್ದ. ಅವಳು ಮಂಚದ ಕಂಬಿ ಹಿಡಿದು, "ಹೋಗು, ಆ ಒಲೆ ನೋಡು, ಹಾಲು ಉಕ್ಕುತ್ತೆ" ಎಂದು ಅವನನ್ನು ಹೊರಗೆ ಅಟ್ಟುತ್ತಿದ್ದಳು. ಅಡುಗೆಮನೆಯಲ್ಲಿ ಹಾಲೂ ಇರುತ್ತಿರಲಿಲ್ಲ, ಉರಿಯೂ ಇರುತ್ತಿರಲಿಲ್ಲ. ಅಲ್ಲಿ ಕೈಚೆಲ್ಲಿ ನಿಂತು ಅವಳ ನರಳಾಟ ಕೇಳುತ್ತಿದ್ದ.

ಮಾರ್ಚಿನ ಎರಡನೆಯ ವಾರ ರಸ್ಸೆಲ್ ತನ್ನ ಗಿಡದ ಹೂವಿನಿಂದ ಬೆಣ್ಣೆ ಕಾಯಿಸಿ ತಂದ. "ಅಜ್ಜಿಗೆ ಹತ್ತಿರದ ಜಾತಿ ಅಂತ ನನ್ನ ಮೂಗು ಹೇಳುತ್ತೆ. ನೋಡೋಣ, ತಿನ್ನಿಸು" ಎಂದ. ಲೂಶಾ ಸೋಮವಾರ ಬೆಳಿಗ್ಗೆ ಒಂದು ಚಮಚ ತಿಂದಳು. ಮಧ್ಯಾಹ್ನ ಎಫಿಮ್ ಬಂದು ಕೇಳಿದರೆ, ಬೆವರಿದ ಹಣೆ ಒರೆಸಿಕೊಂಡು ನಕ್ಕಳು.

"ಸಡಿಲ ಆಗಿದೆ ಕಣೋ. ನಮ್ಮ ಅಜ್ಜಿ ಥರಾನೇ ಇದೆ."

"ನಿಜವಾಗ್ಲೂ?"

"ಸುಳ್ಳು ಹೇಳೋಕೆ ನಾನೇನು ಮಂತ್ರಿಯಾ?"

ಎಫಿಮ್ ಆಕಾಶಕ್ಕೆ ಹಾರಲಿಲ್ಲ ಅಷ್ಟೆ. ರಸ್ಸೆಲ್ ಮನೆಗೆ ಓಡಿ ಅವನನ್ನು ಅಪ್ಪಿಕೊಂಡು ಅತ್ತ. ಅವನಿಂದ ನಾಲ್ಕು ಕಡ್ಡಿ ತಂದು, ಮೊಳಕ್ಕೂ ಮೇಲೆ ದೀಪ ಕಟ್ಟಿ, ಅಳತೆಪಟ್ಟಿ ಹಿಡಿದು ಎರಡು ಸಲ ಅಳೆದ. ಐದು ದಿನ ಊಟ ರುಚಿಸಿತು. ಬೆಳಿಗ್ಗೆಯೆಲ್ಲ ನೆಲಮಾಳಿಗೆಯಲ್ಲೇ ಇದ್ದು ಹೊಸ ಕಡ್ಡಿಗಳ ಜೊತೆ ಮಾತಾಡಿದ. ಮೇಲಿಂದ ಒಂದು ನರಳಾಟವೂ ಕೇಳಿಸಲಿಲ್ಲ. ನಡೀನ್‌ಗೆ ಫೋನು ಮಾಡಿ, "ನಿನ್ನ ದೀಪಾನೇ ಸರಿ ಮಗಳೇ, ನಿಮ್ಮಪ್ಪನೇ ದಡ್ಡ" ಎಂದೂ ಒಪ್ಪಿಕೊಂಡ.

ಶನಿವಾರ ಹಾಸಿಗೆ ಬಟ್ಟೆ ಒಗೆಯುವ ದಿನ. ಲೂಶಾಳನ್ನು ಎತ್ತಿ ಕಿಟಕಿ ಬಳಿಯ ಕುರ್ಚಿಯಲ್ಲಿ ಕೂರಿಸಿ, ಮಂಚದ ಬಟ್ಟೆ ಎಳೆಯುತ್ತಿದ್ದ. ಹಾಸಿಗೆಗೂ ಗೋಡೆಗೂ ನಡುವೆ ಕೈಗೆ ಒಂದು ಟವೆಲ್ ಸಿಕ್ಕಿತು. ಸುರುಳಿ ಸುತ್ತಿದ್ದ ಸಣ್ಣ ಟವೆಲ್. ಬಿಡಿಸಿದ. ನಡುವೆ ಎರಡು ಸಾಲು ಹಲ್ಲಿನ ಗುರುತು, ನೂಲು ಹರಿದು ತೂತು ಬಿದ್ದಿತ್ತು. ಒಂದು ಕಡೆ ರಕ್ತದ ಕಲೆ ಒಣಗಿ ಕಂದಾಗಿತ್ತು.

ಎಫಿಮ್ ತಿರುಗಿ ನೋಡಿದ. ಲೂಶಾ ಅವನಿಗೆ ಬೆನ್ನು ಮಾಡಿ ಹೊರಗೆ ಕರಗುತ್ತಿದ್ದ ಹಿಮ ನೋಡುತ್ತಿದ್ದಳು. ಕಂಬಳಿಯ ಕೆಳಗೆ ಅವಳ ಎರಡು ಪಾದವೂ ನೆಟ್ಟಗೆ ಸೆಟೆದು ನಿಂತಿದ್ದವು.

"ಲೂಶಾ, ಕಾಲು ಹೇಗಿದೆ?"

"ಚೆನ್ನಾಗಿದೆ ಅಂದ್ನಲ್ಲ. ಎಷ್ಟು ಸಲ ಕೇಳ್ತೀಯ? ನೀನು ಕೆಳಗೆ ಹೋಗು, ನಿನ್ ಕಡ್ಡಿಗಳು ಕಾಯ್ತಿರ್ತವೆ."

ಅವನು ಆ ಟವೆಲ್ಲನ್ನು ಒಗೆಯುವ ಬಟ್ಟೆಯ ನಡುವೆ ಸೇರಿಸಿದ. ಅದರ ಬಗ್ಗೆ ಕೇಳಿಬಿಟ್ಟರೆ ಅವಳು ಐದು ದಿನದಿಂದ ಹಲ್ಲು ಕಚ್ಚಿ ಅವನಿಗಾಗಿ ಕಟ್ಟಿದ್ದೆಲ್ಲ ಮುರಿಯುತ್ತದೆ. ಕೇಳದಿದ್ದರೆ ಅವಳು ಹೀಗೇ ಕಚ್ಚಿಕೊಂಡಿರುತ್ತಾಳೆ. ಕೊಡಲು ಅವನ ಹತ್ತಿರ ಬೇರೆ ಏನೂ ಇರಲಿಲ್ಲ.

ಮಂಚಕ್ಕೆ ಒಗೆದ ಬಟ್ಟೆ ಹಾಸಿದ. ಬೀರುವಿನಿಂದ ಇದ್ದುದರಲ್ಲಿ ಮೆತ್ತಗಿನದೊಂದು ಟವೆಲ್ ಆರಿಸಿ, ಸುರುಳಿ ಸುತ್ತಿ, ಅವಳ ಕೈಗೆ ಸುಲಭವಾಗಿ ಸಿಗುವ ಹಾಗೆ ಗೋಡೆಯ ಪಕ್ಕ ಅದೇ ಜಾಗದಲ್ಲಿ ಇಟ್ಟ. ಅವಳನ್ನು ಎತ್ತಿ ತಂದು ಮಲಗಿಸಿ, "ಹಾಗಾದ್ರೆ ನಾನು ಕೆಳಗೆ ಹೋಗಿರ್ತೀನಿ" ಎಂದು ಹೇಳಿ, ಹೋಗುವಾಗ ಯಾವಾಗಲೂ ಅರ್ಧ ತೆರೆದಿಡುತ್ತಿದ್ದ ಬಾಗಿಲನ್ನು ಪೂರ್ತಿ ಮುಚ್ಚಿಕೊಂಡ.