ಸೀನಿದ ನಾಯಿ

ನಿನ್ನೆ ಪಕ್ಕದ ಮನೆಗೆ ಒಂದು ನಾಯಿ ಬಂತು. ಎಮ್ಮೆಕರುವಿನಷ್ಟಿದೆ. ನಾನು ಗೇಟಿನಾಚೆ ನಿಂತು ಅದರ ಹಲ್ಲು ನೋಡುತ್ತಿದ್ದರೆ ಆ ಮನೆಯ ಯಜಮಾನರು ನಕ್ಕು, ಅದೇನೂ ಮಾಡುವುದಿಲ್ಲ, ಬನ್ನಿ ಎಂದರು. ನಾನು ಹೋಗಲಿಲ್ಲ. ನನ್ನದು ಹುಟ್ಟಿನಿಂದಲೇ ಸಂಶಯದ ಸ್ವಭಾವ. ಹಾಲಿನವನಿಂದ ಹಿಡಿದು ಗುಡಿಯ ಪೂಜಾರಿಯವರೆಗೆ ಯಾರನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಆದರೆ ನಾಯಿ ಸಾಕಿದವರನ್ನು ನಂಬದಿರಲು ಕಾರಣವಿದೆ, ಕೇಳಿ.

ಅದು ಯುದ್ಧದ ಕಾಲ. ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಸೊಸೆಯಾಗಿ ಬಂದು ಕೆಲವೇ ತಿಂಗಳಾಗಿತ್ತು. ಬ್ಯಾಡಗಿ ಎಂದರೆ ಮೆಣಸಿನಕಾಯಿ ಎಂದು ನಿಮಗೆ ಹೇಳಬೇಕಿಲ್ಲ. ಸುಗ್ಗಿಯಲ್ಲಿ ಊರ ಗಾಳಿಯೇ ಘಾಟು. ಊರವರು ಅದರಲ್ಲೇ ಉಂಡು ಅದರಲ್ಲೇ ಮಲಗುತ್ತಿದ್ದರು, ಒಬ್ಬರೂ ಸೀನುತ್ತಿರಲಿಲ್ಲ. ನಾನೊಬ್ಬಳೇ ಸೀನಿ ಸೀನಿ ಮೂಗು ಕೆಂಪಗೆ ಮಾಡಿಕೊಂಡಿದ್ದೆ. ಸೀನು ಕೇಳಿಸಿದರೆ ಪರವೂರಿನವರು ಬಂದರೆಂದು ತಿಳಿಯಬೇಕು ಎಂದು ಅತ್ತೆ ಆಡಿಕೊಳ್ಳುತ್ತಿದ್ದರು.

ಎದುರುಮನೆ ಶಿವಲಿಂಗಪ್ಪ ಸಾಹುಕಾರರದು. ಮೆಣಸಿನಕಾಯಿ ದಲಾಲಿ, ಮೇಲೆ ಮುನ್ಸಿಪಾಲ್ಟಿ ಮೆಂಬರು. ಅವರ ಕಂದು ನಾಯಿ ರಾಜಾ ಮರಿಯಿದ್ದಾಗಿನಿಂದ ಚೀಲಗಳ ನಡುವೆಯೇ ಬೆಳೆದದ್ದು. ಆ ವರ್ಷ ಊರಲ್ಲಿ ಡಂಗುರ ಸಾರಿದ್ದರು. ನಾಯಿ ಸಾಕಿದವರು ಕೊರಳಿಗೆ ಪಟ್ಟಿ, ಬಿಲ್ಲೆ ಹಾಕಿ ಕಟ್ಟಿಡಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಎಲ್ಲರಿಗೂ ಕಾಣುವಂತೆ ಬಾಗಿಲ ಮುಂದೆ ಕಟ್ಟಬೇಕು. ಅಷ್ಟು ದಿನ ನಾಯಿ ಗಟ್ಟಿಯಾಗಿದ್ದರೆ ಕಚ್ಚಿಸಿಕೊಂಡವರಿಗೆ ಭಯವಿಲ್ಲ; ನಡುವೆ ಸತ್ತರೆ ಹುಚ್ಚುನಾಯಿ ಎಂದೇ ತಿಳಿದು, ತಡಮಾಡದೆ ಹೊಟ್ಟೆಗೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಕು. ಈ ಹುಕುಮಿಗೆ ಕೈಯೆತ್ತಿದವರಲ್ಲಿ ಸಾಹುಕಾರರೂ ಒಬ್ಬರು. ಅವರ ನಾಯಿ ಮಾತ್ರ ಆರಾಮಾಗಿ ಬೀದಿ ತಿರುಗುತ್ತಿತ್ತು. ಒಂದು ಮುಂಜಾನೆ, ಕೊಡ ಹಿಡಿದು ನೀರಿಗೆ ಹೊರಟಿದ್ದ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು.

ಸಾಹುಕಾರರು ತಾವೇ ಮನೆಗೆ ಬಂದರು. "ನಾಯಿ ಕಟ್ಟಿಸೇನಿ ತಂಗೆವ್ವಾ. ದಿನಾ ಬಂದು ನೋಡ್ಕೊಂಡು ಹೋಗು. ಏನೂ ಆಗೂದಿಲ್ಲ," ಎಂದರು.

ದಿನಾ ಹೋಗಿ ನೋಡಿದೆ. ಮೊದಮೊದಲು ನನ್ನನ್ನು ಕಂಡರೆ ಹಲ್ಲು ಕಿರಿಯುತ್ತಿತ್ತು. ಒಂದು ದಿನ ಬಾಲ ಅಲ್ಲಾಡಿಸಿತು. ಬಗ್ಗಿ ನೋಡಿದೆ. ಅದೇ ಕಂದು ಬಣ್ಣ, ಅದೇ ಪಟ್ಟಿ, ಅದೇ ಬಿಲ್ಲೆ. ಇದು ಬೇರೆ ನಾಯಿ ಎಂದು ಮನೆಯಲ್ಲಿ ಹೇಳಿದರೆ ಎಲ್ಲರೂ ನಕ್ಕರು. ದಿನಾ ಹೋಗಿ ಹೋಗಿ ನಿನ್ನ ಪರಿಚಯವಾಗಿರಬೇಕು ಎಂದರು ಗಂಡ. ಅವತ್ತೆಲ್ಲ ನೀರು ಕುಡಿಯುವಾಗಲೆಲ್ಲ ಗಂಟಲು ಬಿಗಿಯಿತೇ ಎಂದು ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು. ಸಾವಿನ ಭಯ ಎಂದರೇನೆಂದು ಆಗ ತಿಳಿಯಿತು.

ಮರುದಿನ ಹೋದಾಗ ಸಾಹುಕಾರರ ಹೆಂಡತಿ ಗೌರಕ್ಕ ಕಟ್ಟೆಯ ಮೇಲೆ, ನಾಯಿಯ ಪಕ್ಕದಲ್ಲೇ ಕೂತು ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಎಡಗೈ ಸೆರಗಿನೊಳಗೆ, ಬಲಗೈ ಒಂದರಲ್ಲೇ ಕುಟ್ಟುವ ಕೆಲಸ. ಮುಖವೆತ್ತಿ ಮಾತಾಡಿಸಲಿಲ್ಲ. ಸಾಹುಕಾರ್ತಿಯ ಸೊಕ್ಕು ಎಂದುಕೊಂಡೆ. ಗಂಡನ ಆಟದಲ್ಲಿ ಇವಳದೂ ಪಾಲಿದೆ ಎಂಬ ಗುಮಾನಿಯೂ ಬಂತು. ಅಷ್ಟರಲ್ಲಿ ನಾನು ಸೀನಿದೆ. ನಾಯಿಯೂ ಸೀನಿತು. ಆಮೇಲೆ ಸೀನುತ್ತಲೇ ಇತ್ತು.

ಮನೆಗೆ ಬಂದು ಹೇಳಿದಾಗ ಅತ್ತೆ ನಗಲಿಲ್ಲ. ಮಗನ ಕಡೆ ತಿರುಗಿ, "ಅದು ನಮ್ಮೂರ ನಾಯಿ ಅಲ್ಲ. ಲಗೂನ ಇಕೀನ್ನ ಹುಬ್ಬಳ್ಳಿಗೆ ಕರಕೊಂಡು ಹೋಗು," ಎಂದರು.

ಹುಬ್ಬಳ್ಳಿಯ ದವಾಖಾನೆಯ ಬೆಂಚಿನ ಮೇಲೆ, ನನಗಿಂತ ಮೊದಲೇ, ಗೌರಕ್ಕ ಕೂತಿದ್ದಳು. ಎಡಗೈಗೆ ಬಟ್ಟೆ ಸುತ್ತಿತ್ತು. ನಾನು ನೋಡಿಬಿಟ್ಟ ಮೇಲೆ ಇನ್ನು ಮುಚ್ಚಿಡುವುದೇನೆಂದು ಅವಳೇ ಎಲ್ಲ ಹೇಳಿದಳು. ರಾಜಾ ಸಾಯುವ ಮುಂಚೆ, ಅನ್ನ ಹಾಕಲು ಹೋದ ಅವಳ ಕೈಯನ್ನೂ ಕಚ್ಚಿತ್ತು. ಸಾಹುಕಾರರು ಮರ್ಯಾದೆಗೆ ಅಂಜಿ ಅದನ್ನು ಗುಟ್ಟಾಗಿ ಹೂಳಿಸಿ, ಕರ್ಜಗಿಯಿಂದ ಅದೇ ಬಣ್ಣದ ಇನ್ನೊಂದನ್ನು ತರಿಸಿ ಕಟ್ಟಿದ್ದರು. ಹೆಂಡತಿ ತವರಿಗೆ ಹೋಗುತ್ತಾಳೆಂದು ಊರಿಗೆ ಹೇಳಿ ಅವಳನ್ನು ಇಲ್ಲಿಗೆ ಕಳಿಸಿದ್ದರು. ಕೇಳಿ ನನಗೆ ಮೈಯೆಲ್ಲ ಉರಿಯಿತು.

"ನಾ ಸತ್ತಿದ್ದರ? ಒಂದು ಮಾತು ಹೇಳಬೇಕು ಅನಸಲಿಲ್ಲೇನು ನಿಮಗ?" ಎಂದೆ.

"ಮಕ್ಕಳ ಮ್ಯಾಲೆ ಆಣಿ ಮಾಡಿಸಿಕೊಂಡಿದ್ರು ತಂಗಿ, ಬಾಯಿ ತೆರಿಯೂ ಹಂಗಿರಲಿಲ್ಲ," ಎಂದಳು ಗೌರಕ್ಕ. "ಅದಕ್ಕ ನೀ ಬರೂ ಹೊತ್ತು ನೋಡಿ, ಆ ನಾಯಿ ಮಗ್ಗಲದಾಗ ಮೆಣಸಿನಕಾಯಿ ಕುಟ್ಟಿದೆ."

ಗೌರಕ್ಕ ಈಗಿಲ್ಲ. ನನ್ನ ಸಂಶಯ ಮಾತ್ರ ಗಟ್ಟಿಮುಟ್ಟಾಗಿದೆ. ಯಾರಾದರೂ ಮಾತಾಡಿಸದೆ ಮುಖ ತಗ್ಗಿಸಿದರೆ ಇವತ್ತಿಗೂ ಅದು ಎದ್ದು ಕೂರುತ್ತದೆ. ಆದರೆ ಈಗ ಅದರ ಹಿಂದೆಯೇ ಇನ್ನೊಂದು ಸಂಶಯವೂ ಬರುತ್ತದೆ: ಇವರು ನನ್ನನ್ನು ಉಳಿಸುತ್ತಿರಬಹುದೇ?